ಶೋಭಾಳ ಮೊದಲ ಆಷಾಢ

ಕಳೆದ ತಿಂಗಳು ಗೆಳತಿಯೊಬ್ಬಳ ಮಗುವಿನ ನಾಮಕರಣಕ್ಕೆಂದು ನಮ್ಮ ಬೆಂಗಳೂರು ಗ್ರಾಮಾಂತರದ ವಿಜಯಪುರಕ್ಕೆ ಹೋಗಿದ್ದೆ. ದೇವನಹಳ್ಳಿ ದಾಟಿದ ಮೇಲೆ ಬಸ್ಸಿನಲ್ಲಿ ಕಣ್ಣು ಹತ್ತಿತ್ತು. ಕಂಡಕ್ಟರ್ ಕೂಗುವ ಮೊದಲೇ ಕಿಟಕಿಯಿಂದ ನುಗ್ಗಿದ ವಾಸನೆಗೆ ಎಚ್ಚರವಾಯಿತು. ರೇಷ್ಮೆಗೂಡನ್ನು ಕುದಿನೀರಿಗೆ ಹಾಕಿ ನೂಲು ತೆಗೆಯುವ ಊರು ಅದು. ಗೂಡಿನೊಳಗಿನ ಹುಳು ಬೆಂದು ಬರುವ ಆ ಹುಳಿ ವಾಸನೆ ಊರಿನವರ ಮೂಗಿಗೆ ಹತ್ತುವುದೇ ಇಲ್ಲ. ನನ್ನ ಮೂಗಿನಿಂದ ಅದು ಹೋಗಲೇ ಇಲ್ಲ. ನಾಮಕರಣದ ಮನೆಯಲ್ಲಿ ಒಬ್ಬಟ್ಟು ಬಡಿಸಿದರು, ಒಂದು ತುತ್ತೂ ಇಳಿಯಲಿಲ್ಲ. "ಏನ್ ಗೀತಾ, ಡಯಟ್ಟಾ?" ಎಂದು ಗೆಳತಿ ನಕ್ಕಳು. ಹೂಂ ಅಂದೆ. ಈ ವಾಸನೆಯಲ್ಲಿ ನಾನು ಒಂದು ಇಡೀ ಆಷಾಢ ಓಡಾಡಿದ್ದೆ ಎಂದು ಹೇಳುವುದಕ್ಕೆ ಅದು ತಕ್ಕ ಮನೆಯಾಗಿರಲಿಲ್ಲ.

ಆಗ ನಾನು ದೊಡ್ಡಬಳ್ಳಾಪುರದಲ್ಲಿ ಒಂದು ಸಂಸ್ಥೆ ನಡೆಸುತ್ತಿದ್ದ ಕುಟುಂಬ ಸಲಹಾ ಕೇಂದ್ರದಲ್ಲಿದ್ದೆ. ಸಾಸಲು ಹೋಬಳಿಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ನನ್ನದು ನೆಲಮಂಗಲದ ಕಡೆಯ ಬೇಸಾಯದ ಮನೆ, ಹಾಗಾಗಿ ರಾಗಿ ಹೊಲದ ಬದುವಿನಲ್ಲಿ ಕೂತು ಮಾತಾಡುವುದು ನನಗೆ ಹೊಸದೇನೂ ಆಗಿರಲಿಲ್ಲ. ಆದರೆ ಸಮಾಜಕಾರ್ಯ ಓದುವಾಗ ಕಲಿತ ದಾರಿಗಳು ಆ ಬದುವಿನ ತನಕ ಬರುತ್ತಿರಲಿಲ್ಲ. ಸಹಾಯವಾಣಿ, ಸ್ಟೇಷನ್, ಆಶ್ರಯ ಮನೆ, ವಕೀಲರು. ಎಲ್ಲವೂ ಬೇಕಾದವೇ, ಎಷ್ಟೋ ಹೆಂಗಸರನ್ನು ಉಳಿಸಿದವೇ. ಆದರೂ 'ಸ್ಟೇಷನ್' ಎಂಬ ಮಾತು ಬಾಯಿಗೆ ಬಂದ ಕೂಡಲೇ ಎದುರಿಗಿದ್ದವಳು ಸೆರಗು ಬಿಗಿದು ಎದ್ದು ನಿಲ್ಲುತ್ತಿದ್ದಳು. "ಅಯ್ಯೋ, ಅಷ್ಟೊಂದೇನಿಲ್ಲ ಬಿಡಿ ಮೇಡಂ." ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಶೋಭಾಳನ್ನು ಮೊದಲು ನೋಡಿದ್ದು ಆ ವರ್ಷದ ಜ್ಯೇಷ್ಠದಲ್ಲಿ. ವಿಜಯಪುರದ ಹುಡುಗಿ, ಮದುವೆಯಾಗಿ ಇನ್ನೂ ತಾಳಿಯ ಅರಿಶಿನ ಮಾಸಿರಲಿಲ್ಲ. ಗಂಡ ನಾಗರಾಜ ದೊಡ್ಡಬಳ್ಳಾಪುರದ ಕಾರ್ಖಾನೆಯೊಂದಕ್ಕೆ ಬೈಕಿನಲ್ಲಿ ಹೋಗಿಬರುತ್ತಿದ್ದ. ಊರಿಗೆಲ್ಲ ಒಳ್ಳೆಯ ಹುಡುಗ, ದೊಡ್ಡವರ ಎದುರು ಕೂರದವನು. "ಆ ಮನೆ ಹೊಸ ಸೊಸೆ ಮೈ ತುಂಬಾ ಸೆರಗು ಹೊದ್ಕೊಂಡೇ ಇರ್ತಾಳೆ ಮೇಡಂ, ಇಂಥ ಸೆಕೆಯಲ್ಲೂ. ಒಂದ್ಸಲ ಹೋಗಿ ನೋಡಿ" ಎಂದು ಆ ಊರಿನ ಆಶಾ ಕಾರ್ಯಕರ್ತೆ ಹೇಳಿದ್ದಳು. ಹೋದೆ. ಅತ್ತೆ ರತ್ನಮ್ಮ ಕಾಫಿ ಕೊಟ್ಟರು, ಚೆನ್ನಾಗಿಯೇ ಮಾತಾಡಿದರು, ಸೊಸೆಯ ಪಕ್ಕದಿಂದ ಮಾತ್ರ ಅಲುಗಲಿಲ್ಲ. ಸೀಮೆಹಸುಗಳು ಕೂಗಿ ರತ್ನಮ್ಮ ಕೊಟ್ಟಿಗೆಗೆ ಎದ್ದುಹೋದ ಗಳಿಗೆಯಲ್ಲಿ ಶೋಭಾಳ ಕೈ ಹಿಡಿದುಕೊಂಡು ಕೇಳಿದೆ. ಅವಳು ಕೈ ಬಿಡಿಸಿಕೊಂಡಳು.

"ನಮ್ ಮನೆಯವ್ರು ಹೊಡೀತಾರೆ" ಅಂದಳು. "ಯಾಕೆ ಅಂತ ಅವ್ರಿಗೂ ಗೊತ್ತಿಲ್ಲ. ನೀವು ಸ್ಟೇಷನ್ನು ಗೀಷನ್ನು ಅಂದ್ರೆ ನಮ್ಮಪ್ಪ ಉಳಿಯಲ್ಲ ಮೇಡಂ. ಸುಮ್ನೆ ಹೋಗ್ಬಿಡಿ."

ಹೊರಗೆ ಬಂದಾಗ ಪಕ್ಕದ ಜಗಲಿಯಿಂದ ಒಂದು ದನಿ ಕರೆಯಿತು. "ಏನವ್ವಾ, ಕಾಫಿ ಕುಡಿಸಿ ಕಳಿಸಿದ್ರಾ?"

ಅದು ಕೆಂಪಮ್ಮ. ರತ್ನಮ್ಮನ ವಾರಗಿತ್ತಿ, ನಾಗರಾಜನಿಗೆ ದೊಡ್ಡಮ್ಮ. ಅಣ್ಣತಮ್ಮಂದಿರು ಪಾಲಾದ ಮೇಲೆ ಒಂದೇ ಮನೆಗೆ ನಡುವೆ ಗೋಡೆ ಎದ್ದಿತ್ತು, ಗೋಡೆಯ ಈ ಕಡೆ ಇವರು. ಸುತ್ತಲಿನ ಊರುಗಳಲ್ಲಿ ಕೆಂಪಮ್ಮ ಬಂದು ಸೋಬಾನೆ ಹಾಡದೆ ಮದುಮಕ್ಕಳನ್ನು ಹಸೆಗೆ ಕೂರಿಸುತ್ತಿರಲಿಲ್ಲ. ಆ ಹೆಮ್ಮೆ ಅವರಿಗೆ ಚೆನ್ನಾಗಿಯೇ ಇತ್ತು. ಸಾಧು ಹೆಂಗಸೇನಲ್ಲ. ತಮ್ಮ ಸ್ವಂತ ಸೊಸೆಯನ್ನು ಗೋಳು ಹೊಯ್ದುಕೊಂಡು ಬೇರೆ ಸಂಸಾರ ಹೂಡುವ ಹಾಗೆ ಮಾಡಿದವರು ಎಂದು ಊರೇ ಹೇಳುತ್ತಿತ್ತು. ಅವರೂ ಅಲ್ಲಗಳೆಯುತ್ತಿರಲಿಲ್ಲ.

"ಗೋಡೆ ಆಚೆ ಸದ್ದು ನಂಗೆ ಕೇಳ್ಸುತ್ತೆ" ಅಂದರು, ಎಲೆಗೆ ಸುಣ್ಣ ಸವರುತ್ತ. "ನಾನೂ ಅತ್ತೆಯಾಗಿದ್ದೋಳೇ. ಬೈದಿದ್ದೀನಿ, ಉಪಾಸ ಕೆಡವಿದ್ದೀನಿ. ಇದು ಅಂಥದ್ದಲ್ಲ. ಇದು ಕೊಲ್ಲೋ ಹೊಡ್ತ."

"ಏನ್ ಮಾಡೋದು ದೊಡ್ಡಮ್ಮ? ಅವಳು ಬರೋಕೆ ಒಪ್ತಿಲ್ಲ."

"ಎಲ್ಲಿಗೆ ಕರ್ದೆ?"

"ಬೆಂಗಳೂರಲ್ಲಿ ಒಂದು ಆಶ್ರಯ ಮನೆ ಇದೆ."

"ಅದ್ಯಾವ್ದೋ ಊರಿಗೆ ಕರುದ್ರೆ ಯಾರ್ ಬತ್ತಾರೆ? ತವರಿಗೆ ಕಳ್ಸು. ಆಷಾಢ ಹುಟ್ಟುತ್ತೆ ಇನ್ನೇನು. ಮೊದುಲ್ನೇ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಲು ದಾಟಬಾರ್ದು."

ಆ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಅಕ್ಕನೂ ಹಾಗೆ ತವರಿಗೆ ಬಂದು ಕೂತು ಹಲಸಿನ ಹಣ್ಣು ತಿಂದುಕೊಂಡಿದ್ದವಳೇ. ಆದರೆ ಕೆಂಪಮ್ಮ ಅದಕ್ಕೆ ಕೊಟ್ಟ ಅರ್ಥವನ್ನು ನಾನು ಕೇಳಿರಲಿಲ್ಲ. "ಯಾಕ್ ಮಾಡಿದ್ರು ಅಂತೀಯ? ಮದ್ವೆಯಾದ ಹೆಣ್ಣು ಬಾಯಿ ಬಿಡಲ್ಲ. ಅಮ್ಮ ಎಣ್ಣೆ ಒತ್ತಿ ನೀರು ಹುಯ್ಯುವಾಗ ಮೈ ಮುಚ್ಕಳಕ್ಕಾಯ್ತದಾ? ಬೆನ್ನೇ ಹೇಳುತ್ತೆ. ಹೆಣ್ ಕೊಟ್ಟೋರಿಗೆ ಅದೊಂದು ತಿಂಗ್ಳು ಇಟ್ಟವ್ರೆ."

ಬೇರೆಯವರು ಇದಕ್ಕೆ ಬೇರೆ ಕಾರಣ ಹೇಳುತ್ತಾರೆ. ಯಾವುದು ನಿಜವೋ ನನಗೆ ಗೊತ್ತಿಲ್ಲ. ಕೆಂಪಮ್ಮನ ಮಾತು ಮಾತ್ರ ನನ್ನ ಎದೆಗೆ ನಾಟಿತು.

ತೊಡಕೊಂದಿತ್ತು. ಈಚೆಗೆ ಆ ಪದ್ಧತಿ ಸಡಿಲವಾಗಿತ್ತು. "ಕಾಲ ಎಲ್ಲೋ ಹೋಗೈತೆ, ಈಗ್ಯಾರು ಆಷಾಢ ಮಾಡ್ತಾರೆ? ಹಸು ಹಿಂಡೋರ್ಯಾರು?" ಎಂದು ರತ್ನಮ್ಮ ಆಗಲೇ ಅಂದುಬಿಟ್ಟಿದ್ದರು. ಸಡಿಲವಾದದ್ದನ್ನು ಕೆಂಪಮ್ಮ ಮತ್ತೆ ಬಿಗಿದರು. ಕಳೆ ಕೀಳುವ ಹೆಂಗಸರ ನಡುವೆ ಕೂತು, ಮಾರಮ್ಮನ ಗುಡಿಯ ಮುಂದೆ ನಿಂತು, ಅದೇ ಮಾತು. ಯಾವ್ಯಾವ ಊರಲ್ಲೋ ಸೊಸೆಯನ್ನು ಕಳಿಸದ ಅತ್ತೆಗೆ ಏನೇನಾಯಿತು ಎಂದು ಕಥೆ ಕಟ್ಟಿದರು. ಒಬ್ಬಳಿಗೆ ಕಾಲು ಬಿದ್ದುಹೋಗಿತ್ತಂತೆ, ಇನ್ನೊಬ್ಬಳು ಹಾಸಿಗೆ ಬಿಟ್ಟು ಏಳಲೇ ಇಲ್ಲವಂತೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು, "ಮೂಢನಂಬಿಕೆ ಹರಡೋದು ನಮ್ಮ ಕೆಲ್ಸಾನಾ ಗೀತಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಆ ಮನೆಯ ಬಾಗಿಲು ಬೇರೆ ಯಾವ ಕೀಲಿಗೂ ತೆಗೆಯುತ್ತಿರಲಿಲ್ಲ.

ಅಮಾವಾಸ್ಯೆ ಕಳೆದು ಆಷಾಢದ ಗಾಳಿ ಎದ್ದಿತು. ಮೋಡಗಳು ಹನಿ ಉದುರಿಸದೆ ತಲೆ ಮೇಲೆ ಓಡುತ್ತಿದ್ದವು, ಒಣಹಾಕಿದ ಸೀರೆ ಬೇಲಿಗೆ ಹಾರಿ ಸಿಕ್ಕಿಕೊಳ್ಳುತ್ತಿತ್ತು. ಅಂಥ ಒಂದು ಬೆಳಿಗ್ಗೆ ರತ್ನಮ್ಮ ತಾವೇ ಬೀಗರಿಗೆ ಫೋನು ಮಾಡಿ, ಬಂದು ಕರೆದುಕೊಂಡು ಹೋಗಿ ಎಂದರು. ಅವರಿಗೆ ಮೊದಲೇ ಮಂಡಿನೋವು.

ವಿಜಯಪುರದಲ್ಲಿ ಶೋಭಾಳ ತಂದೆ ಮುನಿರಾಜಪ್ಪ ಮನೆಯ ಹಿಂದೆಯೇ ಒಂದು ಶೆಡ್ಡು ಹಾಕಿಕೊಂಡು ನೂಲು ತೆಗೆಸುತ್ತಿದ್ದರು. ಬಿಸಿನೀರಿನ ತೊಟ್ಟಿಗಳ ಹಬೆ, ತಿರುಗುವ ರಾಟೆಗಳ ಸದ್ದು, ಆ ವಾಸನೆ. ನಾನು ಮೊದಲ ಸಲ ಹೋದಾಗ ತಾಯಿ ಸರೋಜಮ್ಮ ಬಾಗಿಲಲ್ಲೇ ನನ್ನ ತೋಳು ಹಿಡಿದುಕೊಂಡರು.

"ನೀರು ಹುಯ್ದೆ ಕಣಮ್ಮ" ಅಂದರು. ಬಚ್ಚಲ ಕಡೆಗೆ ಒಮ್ಮೆ ಕೈ ತೋರಿಸಿ, ಸೆರಗನ್ನು ಬಾಯಿಗೆ ತುರುಕಿಕೊಂಡರು. ಶೆಡ್ಡಿನಲ್ಲಿ ಆಳುಗಳಿದ್ದರು, ಅಳು ಅವರಿಗೆ ಕೇಳಬಾರದಿತ್ತು.

ಆ ತಿಂಗಳು ವಾರವಾರ ಹೋದೆ. ಹೋದಾಗಲೆಲ್ಲ ಶೋಭಾ ಸ್ವಲ್ಪ ಬೇರೆಯಾಗಿ ಕಾಣುತ್ತಿದ್ದಳು. ಮೊದಮೊದಲು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದವಳು ಆಮೇಲೆ ಶೆಡ್ಡಿಗೆ ಬಂದು ತೊಟ್ಟಿಯ ಮುಂದೆ ಕೂತಳು, ಎಳೆ ಹುಡುಕಿ ರಾಟೆಗೆ ಕೊಡತೊಡಗಿದಳು. ಚಿಕ್ಕಂದಿನಿಂದ ಕಲಿತ ಕೆಲಸ. ಪಕ್ಕದ ತೊಟ್ಟಿಯ ಹೆಂಗಸು ಏನೋ ಚೇಷ್ಟೆ ಮಾತಾಡಿದ್ದಕ್ಕೆ ಒಂದು ದಿನ ಜೋರಾಗಿ ನಕ್ಕಳು. ಒಳಗಿದ್ದ ಸರೋಜಮ್ಮ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದು ನೋಡಿದರು.

ನನ್ನನ್ನು ಅವಳು 'ಮೇಡಂ' ಬಿಟ್ಟು 'ಅಕ್ಕ' ಎಂದು ಕರೆಯತೊಡಗಿದ್ದು ಆಗಲೇ. ಒಂದು ಮಧ್ಯಾಹ್ನ ಹಿತ್ತಲ ಕಲ್ಲಿನ ಮೇಲೆ ಕೂತು ಕೇಳಿದಳು. "ಅಕ್ಕ, ಕೇಸ್ ಹಾಕಿದ್ರೆ ಜೈಲಿಗೆ ಹಾಕ್ಬಿಡ್ತಾರಾ ಅವ್ರನ್ನ?"

"ಮೊದ್ಲು ನಿನ್ನ ಮೈಮೇಲೆ ಕೈ ಮಾಡ್ಬಾರ್ದು ಅಂತ ಆದೇಶ ತರಬಹುದು. ನೀನು ಎಲ್ಲಿರ್ಬೇಕು ಅನ್ನೋದು ನೀನೇ ಹೇಳ್ಬಹುದು."

"ಆಷಾಢ ಮುಗಿದ್ರೆ ಕರ್ಯಕ್ಕೆ ಬತ್ತಾರಲ್ಲ."

ಅದಕ್ಕೂ ಕೆಂಪಮ್ಮ ಫೋನಿನಲ್ಲೇ ದಾರಿ ಹೇಳಿದ್ದರು. ಶ್ರಾವಣದಲ್ಲಿ ತವರಿನ ವರಮಹಾಲಕ್ಷ್ಮಿ, ಅದಾದ ಮೇಲೆ ಮೊದಲ ವರ್ಷದ ಗೌರಿ ತವರಿನಲ್ಲೇ ಆಗಬೇಕು. "ಒಂದೊಂದ್ ಹಬ್ಬಕ್ಕೂ ಒಂದೊಂದ್ ನೆಪ ಐತೆ ಕಣವ್ವ. ಅಷ್ಟರಲ್ಲಿ ಆ ಮಗಿಗೆ ಧೈರ್ಯ ಬಂದ್ರೆ ಸಾಕು." ಧೈರ್ಯ ಬರುತ್ತಿತ್ತು. ಗೌರಿ ಹಬ್ಬ ಆಗಲಿ, ವಕೀಲರನ್ನು ನೋಡೋಣ ಎಂದು ಶೋಭಾ ತಾನಾಗಿಯೇ ಹೇಳಿದ್ದಳು. ಮುನಿರಾಜಪ್ಪ ಬೇಡ ಎಂದು ಅಂದಿರಲಿಲ್ಲ.

ಇತ್ತ ನಮ್ಮ ಸಂಸ್ಥೆಯಲ್ಲಿ ಸಂಭ್ರಮ ಶುರುವಾಗಿತ್ತು. ನಿರ್ದೇಶಕಿ ಬೆಂಗಳೂರಿನವರು, ಓದಿಕೊಂಡವರು, ಕೆಟ್ಟವರಲ್ಲ. ತಿಂಗಳ ಸಭೆಯಲ್ಲಿ ಈ ಪ್ರಕರಣ ಕೇಳಿ ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತರು. ಸಮುದಾಯದ ತಿಳಿವಳಿಕೆಯನ್ನೇ ಬಳಸಿಕೊಂಡು ಸಮಾಜಕಾರ್ಯ ಮಾಡುವುದು ಹೇಗೆ ಎಂದು ಅವರು ಎಷ್ಟೋ ಕಡೆ ಮಾತಾಡಿದ್ದರು. ಈಗ ಕಣ್ಣೆದುರಿಗೆ ಸಿಕ್ಕಿತ್ತು. ಅದಕ್ಕೆ 'ಆಷಾಢ ಮಾದರಿ' ಎಂದು ಅಲ್ಲೇ ಹೆಸರಿಟ್ಟರು.

"ಆ ಹಿರಿಯರನ್ನ ನಾವು ಡಾಕ್ಯುಮೆಂಟ್ ಮಾಡ್ಲೇಬೇಕು ಗೀತಾ."

"ಈಗ ಬೇಡ ಮೇಡಂ. ಹುಡುಗಿ ವಿಚಾರ ಇನ್ನೂ ಮುಗಿದಿಲ್ಲ. ಅದೇ ಮನೆ, ಅದೇ ಗೋಡೆ."

"ಹುಡುಗಿ ಹೆಸರೇ ಹೇಳಲ್ವಲ್ಲ. ಬರೀ ಹಾಡು, ಪದ್ಧತಿ, ಅಷ್ಟೇ."

ನಾನು ಬೇಡ ಎಂದೇ ಹೇಳಿ ಬಂದೆ. ಮುಂದಿನ ವಾರ ನಾನು ವಿಜಯಪುರದಲ್ಲಿದ್ದಾಗ ಸಂಸ್ಥೆಯ ಕಾರು ಕ್ಯಾಮೆರಾ ಸಮೇತ ಕೆಂಪಮ್ಮನ ಜಗಲಿಗೆ ಹೋಗಿತ್ತು. ಕೆಂಪಮ್ಮ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟು ಕೂತರಂತೆ. ಸೋಬಾನೆ ಹಾಡಿದರು, ಒಗಟು ಹೇಳಿದರು. ಎದುರಿಗೆ ಕೂತವರು ತಲೆದೂಗಿದ ಹಾಗೆಲ್ಲ ಅವರ ಮಾತಿಗೆ ಕಳೆ ಬಂತು. ಕೊನೆಗೆ ಯಾರೋ ಆಷಾಢದ ವಿಚಾರ ಎತ್ತಿದಾಗ ನಗುತ್ತ ಹೇಳಿಬಿಟ್ಟರು. "ಕಾಲು ಬಿದ್ದೋಯ್ತು, ನೆಲ ಹಿಡುದ್ಲು ಅಂತೆಲ್ಲ ನಾನೇ ಕಟ್ಟಿದ್ದು. ಹೆಣ್ಮಗು ಉಳೀಬೇಕಲ್ಲ! ನಮ್ ವಾರಗಿತ್ತಿ ಎದ್ರುಕೊಂಡು ಮಾರ್ನೇ ದಿನ್ವೇ ಫೋನ್ ಮಾಡುದ್ಲು ನೋಡಿ."

ಆ ತುಣುಕು ಚೆನ್ನಾಗಿದೆ ಎಂದು ಸಂಸ್ಥೆಯ ಪುಟದಲ್ಲಿ ಹಾಕಿದರು. ಹೆಸರು ಹಾಕಿರಲಿಲ್ಲ, ನಿಜ. ಆದರೆ ಆ ಜಗಲಿ, ಆ ಮುಖ, ಆ ದನಿ ಸಾಸಲಿನ ಸುತ್ತ ಯಾರಿಗೆ ಗೊತ್ತಿಲ್ಲ? ಊರಿನ ವಾಟ್ಸಪ್ಪಿಗೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನನಗೆ ಮಾತ್ರ ಅದು ಇನ್ನೂ ಮುಟ್ಟಿರಲಿಲ್ಲ.

ಆಷಾಢದ ಕೊನೆಯ ದಿನ ಭೀಮನ ಅಮಾವಾಸ್ಯೆ, ಹೆಂಡತಿ ಗಂಡನ ಪಾದ ತೊಳೆದು ಪೂಜೆ ಮಾಡುವ ದಿನ. ಹೊಸ ಅಳಿಯನನ್ನು ಅಂದು ಕರೆಯುವುದು ಶೋಭಾಳ ಮನೆಯ ಪದ್ಧತಿ. ಕರೆಯದಿದ್ದರೆ ಅನುಮಾನ ಬರುತ್ತದೆಂದು ಕರೆದಿದ್ದರು. ಪೂಜೆ ಮುಗಿಸಿ ಊಟ ಮಾಡಿ ಹೋಗುತ್ತಾನೆ ಎಂದುಕೊಂಡಿದ್ದೆವು. ನಾನೂ ಅಲ್ಲಿದ್ದೆ. ನಾಗರಾಜನ ಜೊತೆ ರತ್ನಮ್ಮ ಬಂದರು, ಅವನ ಸೋದರಮಾವ ಬಂದರು. ಸೋದರಮಾವ ಕೂರುವ ಮೊದಲೇ ಫೋನು ತೆಗೆದು ಮುನಿರಾಜಪ್ಪನವರ ಮುಖಕ್ಕೆ ಹಿಡಿದರು. ಕೆಂಪಮ್ಮನ ನಗು ಪಡಸಾಲೆಯ ತುಂಬ ಕೇಳಿಸಿತು.

"ಏನಪ್ಪಾ ಬೀಗ್ರೇ, ನಿಮ್ ಮಗಳನ್ನ ಇಟ್ಕಳಕ್ಕೆ ನಮ್ಮನೇಲಿ ನಾಟ್ಕ ಆಡ್ಸಿದ್ರಾ? ಊರೆಲ್ಲ ಉಗೀತಾವ್ರೆ ನಮ್ ಮುಖಕ್ಕೆ. ಇನ್ ಆಷಾಢ ಗೀಷಾಢ ಏನಿಲ್ಲ, ಇವತ್ತೇ ಹುಡುಗೀನ ಕರ್ಕಂಡೋಗ್ತೀವಿ."

ಮುನಿರಾಜಪ್ಪ ಗೋಡೆ ನೋಡುತ್ತ ನಿಂತರು. ಸರೋಜಮ್ಮ ಅಡುಗೆಮನೆ ಬಾಗಿಲಿನಿಂದ ಈಚೆ ಬಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ನಾನು ಅವ್ಳ ಬೆನ್ನು ನೋಡಿದ್ದೀನಿ! ದನಕ್ಕೂ ಹಂಗೆ ಹೊಡಿಯಲ್ಲ."

ರತ್ನಮ್ಮ ತಲೆ ತಗ್ಗಿಸಿದರು. ಸೋದರಮಾವ ಫೋನು ಜೇಬಿಗೆ ಹಾಕಿ, ಹಿರಿಯರ ದನಿಯಲ್ಲಿ, "ಆಯ್ತಮ್ಮ. ಹುಡುಗು ಬುದ್ಧಿ. ದೇವ್ರ ಮುಂದೆ ಆಣೆ ಮಾಡುಸ್ತೀನಿ, ಮುಗೀತಲ್ಲ?" ಅಂದರು. ನಾಗರಾಜ ಮರುಮಾತಿಲ್ಲದೆ ಉರಿಯುವ ದೀಪದ ಮೇಲೆ ಕೈ ಹಿಡಿದು, ಇನ್ನು ಅವಳ ಬೆನ್ನ ಮೇಲೆ ಕೈ ಮಾಡುವುದಿಲ್ಲ ಎಂದ. ಮನೆದೇವರ ಎದುರು ಆಣೆ ಆದ ಮೇಲೆ ಹಿರಿಯರ ಲೆಕ್ಕದಲ್ಲಿ ನ್ಯಾಯ ಮುಗಿಯಿತು. ಅದೂ ನಮ್ಮ ಪದ್ಧತಿಯೇ. ಅವತ್ತಿನ ತನಕ ಪದ್ಧತಿ ನಮ್ಮ ಕಡೆ ಇದೆ ಎಂದುಕೊಂಡಿದ್ದೆ.

ನಾನು ಎದ್ದು ನಿಂತೆ. "ಶೋಭಾ, ನೀನು ಹೇಳು. ನೀನು ಬೇಡ ಅಂದ್ರೆ ಈಗ್ಲೇ ಕರ್ಕೊಂಡು ಹೋಗ್ತೀನಿ. ಯಾರೂ ತಡಿಯೋ ಹಾಗಿಲ್ಲ."

ಅವಳು ಅಪ್ಪನನ್ನು ನೋಡಿದಳು. ಮುನಿರಾಜಪ್ಪ ಗೋಡೆಯಿಂದ ಈ ಕಡೆ ತಿರುಗಿದರು. ಮಗಳ ಎದುರು ಎರಡು ಕೈ ಜೋಡಿಸಿದರು.

"ಹೋಗ್ತೀನಿ ಅಕ್ಕ" ಅಂದಳು ಶೋಭಾ.

ಚೊಂಬು ತಂದು ಗಂಡನ ಪಾದ ತೊಳೆದಳು, ಅರಿಶಿನ ಕುಂಕುಮ ಇಟ್ಟಳು, ಹೂವು ಹಾಕಿದಳು. ಚೊಂಬಿನಿಂದ ಒಂದು ಹನಿಯೂ ಆಚೀಚೆ ಚೆಲ್ಲಲಿಲ್ಲ, ಅದಕ್ಕೇ ನನಗೆ ಭಯವಾಯಿತು. ಸರೋಜಮ್ಮ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿದರು. ಅವರು ಬಂದ ಕಾರು ಹೊರಟ ಮೇಲೂ ಹಿಂದಿನ ಶೆಡ್ಡಿನಲ್ಲಿ ರಾಟೆ ತಿರುಗುತ್ತಲೇ ಇತ್ತು.

ಆಮೇಲಿನ ತಿಂಗಳುಗಳನ್ನು ಹೇಳುವುದು ಕಷ್ಟ. ಶೋಭಾಳ ಫೋನು ಆಫಾಯಿತು. ನಾನು ಹೋದರೆ ರತ್ನಮ್ಮ ಗೇಟು ತೆಗೆಯುತ್ತಿರಲಿಲ್ಲ. ಒಮ್ಮೆ ಪೊಲೀಸರನ್ನು ಕರೆದುಕೊಂಡು ಹೋದೆ. ಅವರ ಮುಂದೆ ಶೋಭಾ ಹೊರಗೆ ಬಂದು "ಚೆನ್ನಾಗಿದ್ದೀನಿ" ಎಂದು ಒಳಗೆ ಹೋದಳು. ಪೊಲೀಸಿನವರು ನನ್ನ ಮುಖ ನೋಡಿದರು. ನಿರ್ದೇಶಕಿ ಪುಟದಿಂದ ವಿಡಿಯೊ ಅಳಿಸಿಸಿದರು, ಅಷ್ಟು ಹೊತ್ತಿಗೆ ಅದು ಎಲ್ಲರ ಫೋನಿನಲ್ಲೂ ಇತ್ತು. ಗೌರಿ ಹಬ್ಬಕ್ಕೆ ವಿಜಯಪುರದಿಂದ ಬಾಗಿನ ಬಂತು, ಹುಡುಗಿಯನ್ನು ಮಾತ್ರ ಕಳಿಸಲಿಲ್ಲ.

ಕೆಂಪಮ್ಮನನ್ನು ಮದುವೆ ಮನೆಗಳಿಗೆ ಕರೆಯುವುದು ನಿಂತಿತು. "ಮನೆ ಮುರುಕಿ" ಎಂಬ ಹೆಸರು ಬಿತ್ತು. ಅವರಿಲ್ಲದೆ ಹಸೆಗೆ ಕೂರಿಸದಿದ್ದ ಮನೆಗಳಲ್ಲೇ ಈಗ ಮೊಬೈಲಿನಲ್ಲಿ ಸೋಬಾನೆ ಹಾಕಿ ಸ್ಪೀಕರಿಗೆ ಕೊಡುತ್ತಿದ್ದರು. ಗಂಡು ಬೀಗರ ಎದುರು ಹಾಡಿ ಗೆದ್ದು ಬಂದ ಹೆಂಗಸು ತಮ್ಮ ಜಗಲಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತರು.

ದೀಪಾವಳಿ ಕಳೆದು ಚಳಿ ಇಳಿದಿತ್ತು. ಒಂದು ಬೆಳಿಗ್ಗೆ ಶೋಭಾ ಡೈರಿಗೆ ಹಾಲು ಹಾಕಲು ಹೋದವಳು ಕ್ಯಾನನ್ನು ಅಲ್ಲೇ ಕಟ್ಟೆಯ ಮೇಲಿಟ್ಟು, ಬಂದ ಬಸ್ಸು ಹತ್ತಿಬಿಟ್ಟಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ನೋಡಿದರು. ನಾಗರಾಜ ಹುಡುಕಿಕೊಂಡು ಬಂದು ಕೇಳಿದಾಗ, ಯಾವ ಬಸ್ಸು, ಯಾವ ಕಡೆ ಎಂದು ಒಬ್ಬರೂ ಬಾಯಿ ಬಿಡಲಿಲ್ಲವಂತೆ. ಇದು ನನಗೆ ಆಶಾ ಕಾರ್ಯಕರ್ತೆಯಿಂದ ಗೊತ್ತಾಯಿತು.

ಕೆಲ ದಿನಗಳ ಮೇಲೆ ಗೊತ್ತಿಲ್ಲದ ನಂಬರಿನಿಂದ ಶೋಭಾಳ ಫೋನು ಬಂತು. ಒಂದು ಗಾರ್ಮೆಂಟ್ಸ್ ಕೆಲಸಗಾರರ ಹಾಸ್ಟೆಲಿನ ಹತ್ತಿರ ಅವಳನ್ನು ಕಂಡೆ. ತೆಳ್ಳಗಾಗಿದ್ದಳು. ನಾನು ಮಾತಾಡಿದಾಗಲೆಲ್ಲ ಮುಖ ತಿರುಗಿಸಿ ಬಲಗಿವಿ ಕೊಡುತ್ತಿದ್ದಳು. ಎಡಗಿವಿ ಕೇಳಿಸುತ್ತಿರಲಿಲ್ಲ.

"ಆಣೆ ಉಳಿಸ್ಕೊಂಡ್ರು ಅಕ್ಕ" ಅಂದಳು. "ಬೆನ್ನ ಮೇಲೆ ಒಂದಿನಾನೂ ಹೊಡೀಲಿಲ್ಲ."

ವಕೀಲರನ್ನು ನೋಡೋಣವೇ ಎಂದೆ. ಬೇಡ ಅಂದಳು. ವಿಜಯಪುರಕ್ಕೆ ಹೇಳಲೇ ಎಂದೆ. "ಅಮ್ಮ ಅಪ್ಪನ ಮುಂದೆ ಬಾಯಿ ಬಿಡ್ತಾಳೆ, ಅಪ್ಪ ಮತ್ತೆ ಕೈ ಮುಗೀತಾರೆ. ಬೇಡ. ನಾನಿಲ್ಲಿರೋದು ಯಾರ್ಗೂ ಹೇಳ್ಬೇಡಿ ಅಕ್ಕ. ದೊಡ್ಡಮ್ಮಂಗೂ ಹೇಳ್ಬೇಡಿ. ನಿಮ್ ಆಫೀಸಿಗಂತೂ ಬೇಡವೇ ಬೇಡ. ನೀವೂ ಇನ್ ಬರ್ಬೇಡಿ." ಕಿವಿಯನ್ನು ಆಸ್ಪತ್ರೆಯಲ್ಲಿ ತೋರಿಸಲು ಮಾತ್ರ ಒಪ್ಪಿದಳು. ಎಡಗಿವಿ ಮತ್ತೆ ಸರಿಹೋಗಲಿಲ್ಲ.

ಬೇಸಿಗೆಗೆ ಮುಂಚೆ ನಾನು ಆ ಕೆಲಸ ಬಿಟ್ಟೆ. 'ಆಷಾಢ ಮಾದರಿ' ನನ್ನ ಹಿಂದೆಯೇ ಉಳಿಯಿತು. ಅದನ್ನು ಈಗಲೂ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ, ತವರಿಗೆ ಹೋದಲ್ಲಿಗೆ ಅದರ ಕಥೆ ಮುಗಿಯುತ್ತದೆ. ಬಿಡುವ ಮೊದಲು ನಿರ್ದೇಶಕಿ ಕೇಳಿದ್ದರು. "ಆ ಹುಡುಗಿ ಹೇಗೆ ಹೊರಗೆ ಬಂದ್ಲು ಗೀತಾ? ಯಾರು ಸಪೋರ್ಟ್ ಮಾಡಿದ್ರು? ತಿಳ್ಕೊಂಡ್ರೆ ಬೇರೆಯವ್ರಿಗೂ ಉಪಯೋಗ ಆಗುತ್ತಲ್ವಾ?" ಡೈರಿಯ ಸಾಲಿನ ಹೆಂಗಸರು ನೆನಪಾದರು. ತಿಳಿಯದು ಅಂದೆ.

ಕೊನೆಯ ಸಲ ಕೆಂಪಮ್ಮನಿಗೆ ಹೇಳಿಹೋಗಲು ಹೋದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ದನಿ ಕುಗ್ಗಿತ್ತು. "ಬಾಯಿ ಚಪಲ ಕಣವ್ವ" ಅಂದರು, ನಾನು ಏನೂ ಕೇಳದೆಯೇ. "ಹಾಡು ಹಾಡು ಅಂದ್ರೆ ನಂಗೆ ಮೈಮೇಲೆ ಗ್ಯಾನ ಇರಕಿಲ್ಲ." ಸ್ವಲ್ಪ ಹೊತ್ತು ಕಾಳು ಬಿಡಿಸಿದರು. ಆಮೇಲೆ ಗೋಡೆಯ ಕಡೆ ಒಮ್ಮೆ ನೋಡಿ, ದನಿ ಇನ್ನಷ್ಟು ತಗ್ಗಿಸಿ ಕೇಳಿದರು. "ಎಲ್ಲವ್ಳೆ ಆ ಮಗು? ಉಂಡವ್ಳಾ, ಬುಟ್ಟವ್ಳಾ?"

ಅವರ ಕಣ್ಣು ನೋಡಲು ನನಗಾಗಲಿಲ್ಲ. ಆ ಹುಡುಗಿಯ ಪರವಾಗಿ ಮೊದಲು ಎದ್ದು ನಿಂತವರು ಇವರು. ಹೇಳಿಬಿಡಲೇ ಎಂದು ಬಾಯಿ ತನಕ ಬಂತು.

"ಗೊತ್ತಿಲ್ಲ ದೊಡ್ಡಮ್ಮ" ಅಂದೆ.

ಕೆಂಪಮ್ಮ ನನ್ನನ್ನೇ ನೋಡಿದರು. ಮೊರದಲ್ಲಿದ್ದ ಕಾಳನ್ನೆಲ್ಲ ನನ್ನ ಚೀಲಕ್ಕೆ ಸುರಿದು, ಸಿಪ್ಪೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹಂಗೇ ಅನ್ನು" ಅಂದರು. "ಯಾರ್ ಕೇಳುದ್ರೂ ಹಂಗೇ ಅನ್ನು. ನಾಳೆ ನಾನೇ ಬಂದು ಕಾಲ್ ಹಿಡ್ಕಂಡು ಕೇಳುದ್ರೂ, ಹಂಗೇ ಅನ್ನು."